ನೂರ ಹನ್ನೆರಡನೆಯ ಪುಟ

ಕುತೈಸಿಯ ಕೃಷಿ ಮುದ್ರಣಾಲಯದಲ್ಲಿ ಲಾಮಾರಾ
ಮೂವತ್ತೊಂದು ವರ್ಷ ಕರಡು ತಿದ್ದಿದಳು.
ಹಸುವಿನ ಕೆಚ್ಚಲು ಬಾವು, ದ್ರಾಕ್ಷಿಯ ಬೂದಿರೋಗ,
ಜೇನುಪೆಟ್ಟಿಗೆಯ ಅಳತೆ, ಗೊಬ್ಬರದ ಲೆಕ್ಕ
ಎಲ್ಲ ಅವಳ ಕನ್ನಡಕದಡಿ ಹಾದುಹೋದವು,
ಒಂದು ಚುಕ್ಕಿಯೂ ತಪ್ಪದೆ.
ಉಗುರಿನ ಸಂದಿಯಲ್ಲಿ ಮಣ್ಣಿರಲಿಲ್ಲ,
ಕೆಂಪು ಪೆನ್ಸಿಲಿನ ಪುಡಿ ಇತ್ತು.

ಹಿತ್ತಲ ತರಕಾರಿಯ ಆ ಹಸಿರು ರಟ್ಟಿನ ಕೈಪಿಡಿಯಂತೂ
ಹನ್ನೊಂದು ಸಲ ಅಚ್ಚಾಯಿತು.
ಹನ್ನೊಂದು ಸಲವೂ ನೂರ ಹನ್ನೆರಡನೆಯ ಪುಟ ಹೇಳಿತು:
ಕೊನೆಯ ಹಿಮ ಕಳೆದ ಮೇಲೆ, ಮಣ್ಣು ಬೆಚ್ಚಗಾದಾಗ,
ಕಾಂಡ ಪೆನ್ಸಿಲ್ ದಪ್ಪವಿರುವಾಗ
ಬದನೆಯ ಸಸಿ ನೆಡುವುದು.
'ಬೆಚ್ಚಗೆ' ಎಂಬಲ್ಲಿ ಒಮ್ಮೆ ಒಂದಕ್ಷರ ಉದುರಿತ್ತು.
ಹಿಡಿದಳು. ಶಹಬಾಸ್ ಕೂಡ ಸಿಕ್ಕಿತು.

ನಿವೃತ್ತಿಯ ವರ್ಷವೇ ಅಕ್ಕ ತೀರಿಕೊಂಡು
ಬಾಗ್ದಾತಿ ದಾರಿಯ ಹಳ್ಳಿಯಲ್ಲಿ
ಒಂದು ತುಂಡು ನೆಲ ಇವಳ ಪಾಲಿಗೆ ಬಂತು.
ಬಸ್ಸಿಳಿದವಳ ಕೈಚೀಲದಲ್ಲಿ
ಹನ್ನೊಂದನೆಯ ಮುದ್ರಣ, ಪೆನ್ಸಿಲ್, ಹೊಸ ರಬ್ಬರ್ ಬೂಟು.

ಏಪ್ರಿಲ್. ಒಳ್ಳೆಯ ಬಿಸಿಲು.
ಕಾಂಡದ ಪಕ್ಕ ಪೆನ್ಸಿಲ್ ಹಿಡಿದು ನೋಡಿದಳು: ಸರಿ ಇದೆ.
ನಲವತ್ತು ಸಸಿ, ದಾರ ಕಟ್ಟಿ, ಸಾಲು ಸೊಟ್ಟಾಗದಂತೆ,
ನಾಲ್ಕೂ ಕಡೆ ಅಂಚು ಬಿಟ್ಟು.
ಕೊನೆಯ ಹಿಮ ಯಾವುದೆಂದು
ಅದು ಬಂದು ಹೋದ ಮೇಲಲ್ಲವೇ ತಿಳಿಯುವುದು?
ಮೂರನೆಯ ಬೆಳಿಗ್ಗೆ ಮೂವತ್ತೆಂಟು ಸಸಿ
ಬೇಯಿಸಿದ ಸೊಪ್ಪಿನಂತೆ ಮಲಗಿದ್ದವು.

ನಮ್ಮ ಕಡೆ ಇಂಥದಕ್ಕೊಂದು ಮಾತಿದೆ,
ಪುಸ್ತಕದ ಬದನೆಕಾಯಿ ಅಂತ.
ಓದಿಕೊಂಡವರ ಮುಖಕ್ಕೆ ಎಸೆಯಲೆಂದೇ ಇಟ್ಟುಕೊಂಡದ್ದು.
ಅವಳ ಭಾಷೆಯಲ್ಲಿ ಇದೆಯೋ ಇಲ್ಲವೋ ನನಗೆ ತಿಳಿಯದು.
ಇದ್ದರೂ, ಬೇಲಿಯಾಚೆಯ ತ್ಸಿಯಾಲಾ ಎಸೆಯಲಿಲ್ಲ.
ಬಂದಳು, ತೋಳು ಮಡಿಚಿದಳು,
ಮಂಡಿಯೂರಿ, ಬರಿಯ ಮೊಣಕೈಯನ್ನು ಮಣ್ಣಿಗೊತ್ತಿ
ಸ್ವಲ್ಪ ಹೊತ್ತು ಹಾಗೇ ಇದ್ದಳು,
ಕೂಸಿನ ಸ್ನಾನದ ನೀರು ನೋಡುವವಳ ಹಾಗೆ.
"ಊಹೂಂ. ಇನ್ನೂ ಒಲ್ಲೆ ಅನ್ನುತ್ತಿದೆ."

ಅವತ್ತು ರಾತ್ರಿ ಲಾಮಾರಾ ಆ ಪುಟವನ್ನು
ಕರಡು ನೋಡುವಂತೆ ಬೆರಳಿಟ್ಟು ನೋಡಿದಳು.
ತಪ್ಪಿರಲಿಲ್ಲ. ಒಂದಕ್ಷರವೂ ತಪ್ಪಿರಲಿಲ್ಲ.
ನಿದ್ದೆಗೆಡಿಸಿದ್ದು ಅದೇ.
ಹನ್ನೊಂದು ಮುದ್ರಣದ 'ಬೆಚ್ಚಗೆ'ಯನ್ನು ನಂಬಿ
ಎಲ್ಲೆಲ್ಲಿ ಯಾರ್ಯಾರು ಏನೇನು ನೆಟ್ಟರೋ.

ಆಮೇಲೆ ದಿನಾ ಬೆಳಿಗ್ಗೆ ಮೊಣಕೈ.
ತಣ್ಣಗೆ. ತಣ್ಣಗೆ. ಭಾನುವಾರ ಮಳೆ. ಮತ್ತೆ ತಣ್ಣಗೆ.
ಮೇ ತಿಂಗಳ ಒಂದು ದಿನ
ಏನೂ ಅನ್ನಿಸಲಿಲ್ಲ.
ಎದ್ದು ಹೋಗಿ ತ್ಸಿಯಾಲಾಳನ್ನು ಕರೆಯಬೇಕೆಂದುಕೊಂಡವಳು
ಕರೆಯದೆ ನೆಟ್ಟಳು.

'ಜೀರುಂಡೆಗಳನ್ನು ಕೈಯಿಂದ ಆರಿಸುವುದು':
ಪುಸ್ತಕದಲ್ಲಿ ಮೂರು ಪದ.
ಜೂನ್ ಪೂರ್ತಿ ಆ ಮೂರು ಪದ ಓದಿ ಮುಗಿಯಲಿಲ್ಲ.
ಎಲೆಯ ಬೆನ್ನಿಗೆ ಕಿತ್ತಳೆ ಬಣ್ಣದ ಮೊಟ್ಟೆ,
ಬೆರಳಿಗೆ ಅಂಟಿದ ವಾಸನೆ ಬ್ರೆಡ್ಡಿಗೂ ಅಂಟಿತು.
ಸೊಂಟಕ್ಕೆ ಅಡಿಟಿಪ್ಪಣಿ ಇರಲಿಲ್ಲ.

ಆಗಸ್ಟಿನಲ್ಲಿ ಸೀಳಿ, ಕರಿದು,
ಅರೆದ ಆಕ್ರೋಟು, ಬೆಳ್ಳುಳ್ಳಿ ಹಚ್ಚಿ, ಸುರುಳಿ ಸುತ್ತಿ
ತಟ್ಟೆಯನ್ನು ಬೇಲಿ ದಾಟಿಸಿದಳು.
ತ್ಸಿಯಾಲಾ ಎರಡು ತಿಂದು ಅಂದಳು, "ಉಪ್ಪು ಕಮ್ಮಿ."
ಮೂರನೆಯದನ್ನೂ ತಿಂದಳು.

ಮುದ್ರಣಾಲಯದ ಕಟ್ಟಡದಲ್ಲಿ ಈಗ ಟೈರು ಮಾರುತ್ತಾರೆ.
ಹನ್ನೆರಡನೆಯ ಮುದ್ರಣವಿಲ್ಲ.
ಆದರೂ ಲಾಮಾರಾ ನೂರ ಹನ್ನೆರಡನೆಯ ಪುಟ ತೆರೆದು
'ಬೆಚ್ಚಗಾದಾಗ'ದ ಬುಡಕ್ಕೆ
ಪದ ಸೇರಿಸುವ ಆ ಹಳೆಯ ಗುರುತು ಹಾಕಿ
ಅಂಚಿನಲ್ಲಿ ಬರೆದಳು: ಮೊಣಕೈ.

ಅಕ್ಟೋಬರ್. ಬೆಳ್ಳುಳ್ಳಿಯ ಕಾಲ.
ಉಳಿದ ಮೋಟು ಪೆನ್ಸಿಲನ್ನು ತಲೆಕೆಳಗು ಹಿಡಿದು
ಎಸಳಿಗೊಂದರಂತೆ ಕುಳಿ ಚುಚ್ಚುತ್ತಾ ಹೋದಳು.
ಎಪ್ಪತ್ತಾರನೆಯ ಪುಟ 'ಎರಡು ಬೆರಳು ಆಳ' ಅನ್ನುತ್ತದೆ.
ಯಾರ ಬೆರಳು,
ಕೇಳಬೇಕು.